ಹಳೆ ಪಿಕಪ್ ಪದೇ ಪದೇ ಕೈಕೊಡ್ತಿದೆ, ರಿಪೇರಿ ಮಾಡಿಸ್ಲಾ ಬೇರೆ ತಗೊಳ್ಲಾ?

ನಂದು 14 ವರ್ಷದ ಡೀಸೆಲ್ ಪಿಕಪ್. ಈ ವರ್ಷ ಲೋಡ್ ಸಮೇತ ಮೂರು ಸಲ ದಾರೀಲೇ ನಿಂತಿತು. ಒಮ್ಮೆ ಸೆಲ್ಫ್, ಒಮ್ಮೆ ರೇಡಿಯೇಟರ್ ಹೋಸ್, ಮೊನ್ನೆ ಡೀಸೆಲ್ ಪಂಪ್. ಇಂಜಿನ್ ಬಿಚ್ಚಿ ಮಾಡಿಸಿದ್ರೆ ಇನ್ನೂ ಐದು ವರ್ಷ ಓಡುತ್ತೆ ಅಂತಾರೆ ಮೆಕ್ಯಾನಿಕ್. ನಾಲ್ಕೈದು ವರ್ಷ ಓಡಿರೋ ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋ ಆಸೆ ನಂಗೆ. ಅನುಭವ ಇದ್ದವರು ಹೇಳಿ.

— ಅಣ್ಣ, ನೀವೇ ಬರೆದ ಮೂರು ತೊಂದರೇನ ಇನ್ನೊಂದ್ ಸಲ ಓದಿ. ಸೆಲ್ಫ್, ಹೋಸ್, ಪಂಪ್. ಪಿಸ್ಟನ್, ರಿಂಗ್ ಎಲ್ಲ ಹೊಸದು ಹಾಕಿಸಿದ್ರೂ ಇದರಲ್ಲಿ ಒಂದೂ ಸರಿಹೋಗ್ತಿರಲಿಲ್ಲ. ನಾನು ಇದನ್ನ ತಡವಾಗಿ ಕಲಿತೆ. ಇಂಜಿನ್ ಮಾಡಿಸಿದೆ, ಎಳೆತ ಚೆನ್ನಾಗಿ ಬಂತು, ಹೊಗೆ ನಿಂತಿತು. ನಾಲ್ಕೇ ತಿಂಗಳಿಗೆ ಹಿಂದಿನ ಸ್ಪ್ರಿಂಗ್ ಪಟ್ಟಿ ಕೂರೋ ಜಾಗದಲ್ಲಿ ಛಾಸಿ, ಅಂದ್ರೆ ಗಾಡಿ ಹೊರೋ ಕೆಳಗಿನ ಕಬ್ಬಿಣದ ಚೌಕಟ್ಟು, ಬಿರುಕು ಬಿಡ್ತು. ಸ್ಕ್ರೂಡ್ರೈವರ್ ತುದಿ ಒತ್ತಿದ್ರೆ ತುಕ್ಕು ಮರದ ತೊಗಟೆ ಥರ ಪದರ ಪದರವಾಗಿ ಉದುರ್ತಿತ್ತು. ಅಂಥ ಛಾಸಿ ಮೇಲೆ ಹೊಸ ಇಂಜಿನ್ ಇಟ್ಟು ಏನು ಬಂತು? ನೀವು ಮೊದಲು ಗಾಡಿ ಅಡಿಗೆ ಮಲಗಿ ನೋಡಿ. ಅಲ್ಲಿ ಗಟ್ಟಿ ಇಲ್ಲ ಅಂದ್ರೆ ಒಂದು ಪೈಸೆ ಕೂಡ ಹಾಕಬೇಡಿ.

ಇನ್ನೊಂದು, ರಿಪೇರಿ ಬಿಲ್ ಮಾತ್ರ ಲೆಕ್ಕ ಹಾಕ್ಬೇಡಿ. ಗಾಡಿ ನಿಂತ ದಿನ, ತಪ್ಪಿದ ಬಾಡಿಗೆ, ಎಳೆಸಿದ ಖರ್ಚು, ಲೋಡನ್ನ ಬೇರೆ ಗಾಡಿಗೆ ಹಾಕಿಸಿದ್ದು ಎಲ್ಲ ಬರೆದಿಡಿ. ಮಾರೋದಾದ್ರೆ ಓಡ್ತಿರುವಾಗಲೇ ಮಾರಿ, ಇರೋ ತೊಂದರೆ ಮುಚ್ಚಿಡದೆ ಹೇಳಿ. ಕೆಟ್ಟು ನಿಂತ ಮೇಲೆ ಗುಜರಿ ರೇಟು. ಕೈಯಲ್ಲಿ ಗಾಡಿ ಇಲ್ಲದೆ ಹುಡುಕೋಕೆ ಹೊರಟರೆ ಅವಸರಕ್ಕೆ ಸಿಕ್ಕಿದ್ದನ್ನೇ ತಗೋತೀವಿ.

— ಸೆಕೆಂಡ್ ಹ್ಯಾಂಡ್ ನೋಡೋಕೆ ಹೋದಾಗ ಮೊದಲು ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ರೆ ನಿಮಗಿಂತ ಮುಂಚೆ ಯಾರೋ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ. ತಣ್ಣಗಿರೋ ಇಂಜಿನ್ನೇ ನಿಜ ಹೇಳೋದು. ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ. ಬಿಸಿ ಆದ ಮೇಲೂ ಬಿಳಿ ಹೊಗೆ ನಿಲ್ಲದಿದ್ರೆ ಇಂಜಿನ್ ತಂಪಾಗಿಡೋ ಕೂಲೆಂಟ್ ಸಿಲಿಂಡರ್ ಒಳಗೆ ಹೋಗ್ತಿರಬಹುದು. ಮೀಟರ್ ಕಡಿಮೆ ತೋರಿಸ್ತಿದ್ದು ಕ್ಲಚ್ ಪೆಡಲ್ ರಬ್ಬರ್ ನುಣ್ಣಗೆ ಸವೆದಿದ್ರೆ ಮೀಟರ್ ನಂಬಬೇಡಿ. ಟೈರ್ ಪಕ್ಕದಲ್ಲಿ ನಾಲ್ಕಂಕಿ ಇರುತ್ತೆ, 2319 ಅಂದ್ರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ಛಾಸಿಗೆ ಮೊನ್ನೆ ಮೊನ್ನೆ ಕಪ್ಪು ಬಣ್ಣ ಬಳಿದಿದ್ರೆ ನಂಗಂತೂ ಅನುಮಾನ. ಮಾಲೀಕರು ಒಪ್ಪಿದ್ರೆ ನೀವು ದಿನಾ ಹಾಕೋ ಅಷ್ಟೇ ಲೋಡ್ ಹಾಕಿ ಏರು ಹತ್ತಿಸಿ. ಖಾಲಿ ಗಾಡಿ ಯಾವುದಾದ್ರೂ ಚೆನ್ನಾಗೇ ಓಡುತ್ತೆ.

— ಸರ್, ದಿನಾ ಎಷ್ಟು ದೂರ ಓಡಿಸ್ತೀರಿ? ಈಚಿನ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಇರುತ್ತೆ. ಆ ಮಸಿ ಸುಟ್ಟುಹೋಗೋಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸೋ ಕೆಲಸ ಆದ್ರೆ ಅಷ್ಟು ಬಿಸಿ ಬರಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತೆ. ನನ್ನ ಗಾಡೀಲಿ ಹಾಗೇ ಆಯ್ತು. ಈಗ ವಾರಕ್ಕೊಮ್ಮೆ ಹೈವೇನಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸ್ತೀನಿ, ಆಮೇಲೆ ಫಿಲ್ಟರ್ ಕಟ್ಟಿದೆ ಅಂತ ತೋರಿಸೋ ಲೈಟ್ ಹತ್ತಿಲ್ಲ. ಪೂರ್ತಿ ಹತ್ತಿರದ ಓಡಾಟವೇ ಆದ್ರೆ ಪೆಟ್ರೋಲ್ ಗಾಡಿ ಕೂಡ ನೋಡಿ.

— ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಗಾಡಿ ಅಡಿಗೆ ಮಲಗಿ ನೋಡಿದೆ, ಎಡಗಡೆ ಸ್ಪ್ರಿಂಗ್ ಹತ್ರ ಬೆರಳು ತೂರೋ ಅಷ್ಟು ತೂತು. ಇಂಜಿನ್ ಕೆಲಸ ಬೇಡ ಅಂತ ಹೇಳಿಬಿಟ್ಟೆ. ಭಾನುವಾರ ಬೆಳಿಗ್ಗೆ ಒಂದು ಗಾಡಿ ನೋಡೋಕೆ ಹೋಗ್ತಿದ್ದೀನಿ. ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ ಅಂತ ಅವರಿಗೆ ಈಗಲೇ ಹೇಳಿಟ್ಟಿದ್ದೀನಿ.