ಹಿಂದೂಸ್ತಾನಿ ಕಲಿತ ಮಗಳು ಸಿನಿಮಾಕ್ಕೆ ಹಾಡ್ತೀನಿ ಅಂತಾಳೆ, ಏನು ಮಾಡೋದು?

ಶಿರಸಿ ಅಮ್ಮ
ಮಗಳಿಗೆ ಹದಿನಾರು. ಆರು ವರ್ಷದಿಂದ ಹಿಂದೂಸ್ತಾನಿ ಕಲಿಯುತ್ತಿದ್ದಾಳೆ, ಈ ಮಳೆಗಾಲದಲ್ಲಿ ಮಿಯಾ ಮಲ್ಹಾರ್ ರಾಗ ಶುರುವಾಗಿದೆ. ಮೊನ್ನೆ ಊಟಕ್ಕೆ ಕೂತಾಗ ಹಿನ್ನೆಲೆ ಗಾಯಕಿ ಆಗ್ತೀನಿ ಅಂದಳು. ಗುರುಗಳಿಗೆ ಹೇಳಿದರೆ ಖಯಾಲ್ (ಹಿಂದೂಸ್ತಾನಿಯ ಮುಖ್ಯ ಗಾಯನ ಶೈಲಿ) ಕೈಬಿಟ್ಟು ಹೋಗುತ್ತದೆ ಅಂತ ಬೇಸರ ಮಾಡಿಕೊಂಡರು. ಅವಳಪ್ಪ, ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯೋದು ಮುಗೀಲಿ ನೋಡೋಣ ಅಂತ ಜಾರಿಕೊಂಡರು. ಶಾಸ್ತ್ರೀಯ ಕಲಿತವರಿಗೆ ಸಿನಿಮಾ ಒಗ್ಗುತ್ತದಾ?

ಕುಮಟೆ ತಬಲಾ
ಅಕ್ಕಾ, ಮಿಯಾ ಮಲ್ಹಾರ್ ಅಂದಿರಲ್ಲ, ವಾಣಿ ಜಯರಾಂ ಹಿಂದಿಯಲ್ಲಿ ಹೆಸರು ಮಾಡಿದ್ದೇ ಆ ರಾಗದ ಹಾಡಿನಿಂದ. 1971ರ 'ಗುಡ್ಡಿ', ವಸಂತ ದೇಸಾಯಿ ಸಂಗೀತ. ವೆಲ್ಲೂರಿನಲ್ಲಿ ಹುಟ್ಟಿ ಕರ್ನಾಟಕ ಸಂಗೀತ ಕಲಿತು ಸ್ಟೇಟ್ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು ಅವರು. ಮದುವೆಯಾಗಿ ಮುಂಬೈಗೆ ಹೋದ ಮೇಲೆ ಗಂಡನ ಒತ್ತಾಯಕ್ಕೆ ಪಟಿಯಾಲ ಘರಾಣೆಯ (ಗಾಯನ ಪರಂಪರೆಯ) ಉಸ್ತಾದ್ ಅಬ್ದುಲ್ ರೆಹಮಾನ್ ಖಾನ್ ಹತ್ತಿರ ಹಿಂದೂಸ್ತಾನಿ ಕಲಿಯಲು ಕೂತರು. ಅಲ್ಲಿನ ತಾಲೀಮು ಎಷ್ಟು ಗಟ್ಟಿಯಿತ್ತು ಅಂದರೆ ಬ್ಯಾಂಕ್ ಕೆಲಸವನ್ನೇ ಬಿಟ್ಟರು. ಆಮೇಲೆ ಮೂರು ರಾಷ್ಟ್ರಪ್ರಶಸ್ತಿ, ಒಂದು ತಮಿಳಿಗೆ, ಎರಡು ತೆಲುಗಿಗೆ.

ನಮ್ಮ ಕನ್ನಡಕ್ಕೆ ವಾಣಿಯವರನ್ನು ಕರೆತಂದವರು ಸಂಗೀತ ನಿರ್ದೇಶಕ ವಿಜಯಭಾಸ್ಕರ್. 'ಶುಭಮಂಗಳ'ದಲ್ಲಿ ಅವರ ಕನ್ನಡ ಕೇಳಿ, ತಮಿಳು ಮನೆಮಾತಿನವರು ಅಂತ ಗೊತ್ತೇ ಆಗುವುದಿಲ್ಲ. ನಿಮ್ಮ ಮಗಳು ರಾಗದ ಜೊತೆ ಈ ಉಚ್ಚಾರಣೆಯನ್ನೂ ಕಲಿಯಬೇಕು. ನಿಧಾನ ಲಯದ ಬಡಾ ಖಯಾಲಿನಲ್ಲಿ ಅಕ್ಷರ ನುಂಗಿದರೂ ನಡೀತದೆ, ಸಿನಿಮಾದಲ್ಲಿ ನಡೆಯಲ್ಲ.

ಕಡಲ ಕಾರವಾರ
ಗುರುಗಳ ಹೆದರಿಕೆಗೆ ಒಂದು ಮಾತು. ಭೀಮಸೇನ ಜೋಶಿ 1966ರಲ್ಲಿ 'ಸಂಧ್ಯಾರಾಗ'ಕ್ಕೆ ಹಾಡಿದ್ದರು, ಅವರ ಖಯಾಲ್ ಎಲ್ಲಿಗೂ ಹೋಗಲಿಲ್ಲ ಅಲ್ವಾ?

ಕಷ್ಟ ಇರುವುದು ಮೈಕಿನಲ್ಲಿ. ನಾನು ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ಭಕ್ತಿಗೀತೆ ಹಾಡಲು ಹೋಗಿದ್ದೆ. ದೇವಸ್ಥಾನದ ಮೈಕಿಗೆ ಬಾಯಿ ತಾಗಿಸಿಯೇ ಹಾಡಿ ರೂಢಿ. 'ಪ' ಬಂದಲ್ಲೆಲ್ಲ ಹೆಡ್‌ಫೋನಿನಲ್ಲಿ ಢಬ್ ಢಬ್. ರೆಕಾರ್ಡಿಂಗಿನವರು ಬಂದು ಒಂದು ಗೇಣು ಹಿಂದೆ ಸರಿಸಿ, ಮುಖ ಚೂರು ಓರೆ ಮಾಡಿಸಿದರು. ಆಮೇಲೆ ನನ್ನ ದನಿಯೇ ನನಗೆ ಕೇಳದೆ ಶ್ರುತಿ ಜಾರತೊಡಗಿತು, ಒಂದು ಕಿವಿಯ ಹೆಡ್‌ಫೋನ್ ಸರಿಸಿಕೊಂಡ ಮೇಲೆ ಸರಿಯಾಯಿತು. ನಡುವೆ ಹಾಕಿದ ತಾನ್ (ವೇಗದ ಸ್ವರಗಳ ಓಟ) ಚೆನ್ನಾಗಿತ್ತು ಅಂದುಕೊಂಡಿದ್ದೆ. 'ಸರ್, ಅಲ್ಲಿ ಕೊಳಲು ಬರುತ್ತೆ' ಅಂತ ಅದನ್ನೂ ತೆಗೆಸಿದರು! ಒಂದೇ ಸಾಲು ಹನ್ನೊಂದು ಸಲ ಹಾಡಿದೆ.

ಗೇರುಬೀಜ
ಎಲ್ಲ ಸರಿ, ಹೊಟ್ಟೆಪಾಡು? ಈಗ ಒಬ್ಬರಿಂದ ಟ್ರ್ಯಾಕ್ (ಮಾದರಿ ಹಾಡು) ಹಾಡಿಸಿಕೊಂಡು, ಕೊನೆಗೆ ಬೇರೆಯವರ ದನಿ ಇಡುವುದೂ ಇದೆ. ಡಿಗ್ರಿ ಮಾಡಲಿ. ವಾಣಿಯಮ್ಮನೂ ಬ್ಯಾಂಕ್ ಸಂಬಳ ಕೈಯಲ್ಲಿಟ್ಟುಕೊಂಡೇ ಕಲಿಯೋಕೆ ಕೂತಿದ್ದು, ತಬಲಾದವರೇ ಹೇಳಿದ್ದಾರಲ್ಲ.

ಕುಮಟೆ ತಬಲಾ
ಒಪ್ಪಿದೆ. ಆದರೆ ಡಿಗ್ರಿ ಮುಗಿಯುವ ತನಕ ಮೈಕ್ ಮುಟ್ಟಬೇಡ ಅನ್ನಬೇಡಿ. ಇನ್ನೊಂದು ವಿಷಯ ಮರೆತೆ. ಬೈಠಕ್‌ನಲ್ಲಿ ಅವಳ ಕಪ್ಪು ನಾಲ್ಕಕ್ಕೆ (ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯ ಶ್ರುತಿಗೆ) ನಾವು ತಬಲಾ ಸೇರಿಸಿಕೊಳ್ಳುತ್ತೇವೆ. ಸಿನಿಮಾದಲ್ಲಿ ಅವರು ಇಟ್ಟ ಶ್ರುತಿಗೆ ಇವಳು ಏರಬೇಕು, ಬೆಳಗ್ಗೆ ಎಂಟಕ್ಕಾದರೂ ಸರಿ.

ಶಿರಸಿ ಅಮ್ಮ
ಎಲ್ಲರದ್ದೂ ಅವಳಿಗೆ ಓದಿ ಹೇಳಿದೆ. ಡಿಗ್ರಿ ಅಂದಾಗ ಮುಖ ಸಣ್ಣ ಮಾಡಿದಳು, ಹನ್ನೊಂದು ಸಲ ಅಂದಿದ್ದಕ್ಕೆ ಬಿದ್ದು ಬಿದ್ದು ನಕ್ಕಳು. ಕಾರವಾರದವರೇ, ಆ ಹುಬ್ಬಳ್ಳಿ ಸ್ಟುಡಿಯೋದಲ್ಲಿ ಗಂಟೆಗೆ ಎಷ್ಟು ತಗೊಂಡರು?