ನಾರ್ತ್ ಕ್ಯಾರೊಲಿನಾ: ಅತ್ತಿಗೆಯ ಎರಡು ಪ್ರಶ್ನೆಗಳಿಗೆ ಉತ್ತರ

ಅತ್ತಿಗೆ, ನಮಸ್ಕಾರ. ಮಗನಿಗೆ ಅಮೆರಿಕದ ನಾರ್ತ್ ಕ್ಯಾರೊಲಿನಾದ ಕ್ಯಾರಿ ಎಂಬ ಊರಿನಲ್ಲಿ ಕೆಲಸ ಸಿಕ್ಕ ಸಿಹಿಸುದ್ದಿಯ ಜೊತೆಗೆ ನೀವು ಗ್ರೂಪಿನಲ್ಲಿ ಎರಡು ಪ್ರಶ್ನೆಗಳನ್ನೂ ಹಾಕಿದ್ದಿರಿ. ಕಡಲತೀರದ ರಾಜ್ಯವಾದ್ದರಿಂದ ಚಂಡಮಾರುತದ ಭಯ ಇಲ್ಲವೇ ಎಂಬುದು ಒಂದು. ಕ್ಯಾಲಿಫೋರ್ನಿಯಾವನ್ನು ಬಿಟ್ಟು ಕಂಪನಿಗಳು ಅಲ್ಲಿಗೇಕೆ ಹೋಗಿವೆ ಎಂಬುದು ಇನ್ನೊಂದು. ಟೈಪ್ ಮಾಡುತ್ತಾ ಕೂರುವ ಬದಲು ಮಾತಿನಲ್ಲೇ ಹೇಳಿಬಿಡುತ್ತೇನೆ. ಸಂದೇಶ ಉದ್ದವಾದೀತು, ಕೈಗೆಲಸ ಮಾಡುತ್ತಲೇ ಕೇಳಿ. ಎರಡಕ್ಕೂ ಉತ್ತರ ಹೊರಡುವುದು ಒಂದೇ ಕಡೆಯಿಂದ: ಆ ರಾಜ್ಯಕ್ಕೆ ಉದ್ದನೆಯ ಕರಾವಳಿ ಇದೆ, ಆದರೆ ಅದರ ಸಂಪತ್ತು ಬಂದದ್ದು ಕಡಲಿನಿಂದಲ್ಲ.

ಭೂಪಟದಲ್ಲಿ ಅದರ ಪೂರ್ವದಂಚನ್ನು ನೋಡಿದರೆ ನೂಲೆಳೆದಂತೆ ತೆಳ್ಳನೆಯ ಮರಳುದ್ವೀಪಗಳ ಸಾಲೊಂದು ಕಾಣುತ್ತದೆ. ಅದಕ್ಕೆ ಔಟರ್ ಬ್ಯಾಂಕ್ಸ್ ಎನ್ನುತ್ತಾರೆ. ಅದರ ಹಿಂದೆ ಪ್ಯಾಮ್ಲಿಕೊ ಸೌಂಡ್ ಎಂಬ ಬಹಳ ವಿಶಾಲವಾದ, ಆದರೆ ಆಳವಿಲ್ಲದ ಹಿನ್ನೀರಿದೆ. 1524ರಲ್ಲಿ ಫ್ರಾನ್ಸಿನ ದೊರೆಯ ಪರವಾಗಿ ಬಂದ ಇಟಲಿಯ ನಾವಿಕ ವೆರಾಟ್ಸಾನೊ ಮರಳಿನ ಆಚೆಗೆ ಆ ನೀರನ್ನು ಕಂಡು, ಅದೇ ಪೆಸಿಫಿಕ್ ಸಾಗರವೆಂದು ತಿಳಿದುಬಿಟ್ಟ. ಕೇಪ್ ಹ್ಯಾಟೆರಸ್ ಬಳಿ ದಕ್ಷಿಣದಿಂದ ಬರುವ ಬೆಚ್ಚನೆಯ ಗಲ್ಫ್ ಸ್ಟ್ರೀಮ್ ಮತ್ತು ಉತ್ತರದ ತಣ್ಣನೆಯ ಪ್ರವಾಹ ಸಂಧಿಸುತ್ತವೆ. ನೀರಿನಡಿಯ ಮರಳುದಿಬ್ಬಗಳು ಸದಾ ಜಾಗ ಬದಲಿಸುತ್ತಿರುತ್ತವೆ. ಅಲ್ಲಿ ಮುಳುಗಿದ ನೂರಾರು ಹಡಗುಗಳಿಂದಾಗಿ ಆ ಕಡಲಿಗೆ ಅಟ್ಲಾಂಟಿಕ್ಕಿನ ಸ್ಮಶಾನ ಎಂಬ ಹೆಸರೇ ಬಂದಿದೆ. ಇಂಗ್ಲಿಷರು 1587ರಲ್ಲಿ ರೋನೋಕ್ ದ್ವೀಪದಲ್ಲಿ ಬಿಟ್ಟುಹೋದ ನೂರಕ್ಕೂ ಹೆಚ್ಚು ಜನರ ಪೈಕಿ, 1590ರಲ್ಲಿ ಮರಳಿ ಬಂದು ನೋಡಿದಾಗ, ಒಬ್ಬರೂ ಇರಲಿಲ್ಲ. ಕಂಬವೊಂದರ ಮೇಲೆ ನೆರೆಯ ದ್ವೀಪದ ಹೆಸರನ್ನು ಕೆತ್ತಿದ್ದರು, ಅಷ್ಟೇ.

ಈ ಮರಳಿನ ಅಡ್ಡಗೋಡೆಯಿಂದಾಗಿ ದೊಡ್ಡ ಹಡಗುಗಳು ಒಳಗೆ ಬರಲಾಗಲಿಲ್ಲ. ಉತ್ತರದ ವರ್ಜೀನಿಯಾಕ್ಕೂ ದಕ್ಷಿಣದ ಚಾರ್ಲ್ಸ್‌ಟನ್‌ಗೂ ಒಳ್ಳೆಯ ಬಂದರುಗಳಿದ್ದವು. ನಡುವಿನ ಈ ನಾಡಿಗೆ ಕೇಪ್ ಫಿಯರ್ ನದಿಯ ಮೇಲಿನ ವಿಲ್ಮಿಂಗ್ಟನ್ ಬಿಟ್ಟರೆ ಹೇಳಿಕೊಳ್ಳುವಂಥದ್ದು ಇರಲಿಲ್ಲ. ಹೀಗಾಗಿ ಬಹುಪಾಲು ಜನ ವರ್ಜೀನಿಯಾ, ಪೆನ್ಸಿಲ್ವೇನಿಯಾಗಳಿಂದ ಗಾಡಿದಾರಿ ಹಿಡಿದು ನೆಲದ ಮೇಲೆಯೇ ಬಂದು ಸಣ್ಣ ಹಿಡುವಳಿದಾರರಾಗಿ ನೆಲೆಸಿದರು. ಕರಾವಳಿಯ ಬಯಲಿನಲ್ಲಿದ್ದ ದೊಡ್ಡ ಸಂಪತ್ತೆಂದರೆ ಪೈನ್ ಕಾಡು. ಒಣಗಿದ ಪೈನ್ ಕಟ್ಟಿಗೆಯನ್ನು ದಿಬ್ಬದಂತೆ ಪೇರಿಸಿ, ಮೇಲೆ ಮಣ್ಣು ಮುಚ್ಚಿ, ಉರಿ ಏಳದ ಹಾಗೆ ದಿನಗಟ್ಟಲೆ ಸುಡುತ್ತಿದ್ದರು. ಒಳಗೆ ಕರಗಿ ಇಳಿದ ಡಾಂಬರು ತಳದ ಕಾಲುವೆಯಲ್ಲಿ ಹರಿದು ಹೊರಗಿನ ಪೀಪಾಯಿಗೆ ಬೀಳುತ್ತಿತ್ತು. ಬ್ರಿಟಿಷ್ ನೌಕಾಪಡೆಯ ಹಡಗುಗಳ ಸಂದು ಮುಚ್ಚಲು, ಹಗ್ಗಗಳಿಗೆ ಬಳಿಯಲು ಅದು ಬೇಕೇಬೇಕಿತ್ತು. ಆ ಹೊಗೆಯಲ್ಲಿ ನಿಂತು ದುಡಿದವರಲ್ಲಿ ಬಹಳ ಮಂದಿ ಗುಲಾಮರಾಗಿದ್ದ ಕಪ್ಪು ಜನರೆಂಬುದನ್ನು ಮರೆಯಬಾರದು.

ತಂಬಾಕಿನ ವಿಚಾರ ನಮ್ಮ ಹುಣಸೂರು, ಪಿರಿಯಾಪಟ್ಟಣದ ನೆಂಟರಿಗೂ ರುಚಿಸೀತು. 1839ರಲ್ಲಿ ಕ್ಯಾಸ್ವೆಲ್ ಕೌಂಟಿಯ ತೋಟವೊಂದರಲ್ಲಿ ಸ್ಟೀಫನ್ ಎಂಬ ಗುಲಾಮ ಯುವಕ, ತಂಬಾಕಿನ ಎಲೆ ಹದಮಾಡುವ ಬ್ಯಾರನ್ನಿನ ಬೆಂಕಿ ಕಾಯುತ್ತಾ ನಿದ್ದೆಹೋಗಿ, ಎಚ್ಚರವಾದಾಗ ಆರುತ್ತಿದ್ದ ಬೆಂಕಿಗೆ ಗಾಬರಿಯಿಂದ ಕುಲುಮೆಯ ಇದ್ದಿಲು ಸುರಿದನಂತೆ. ಒಮ್ಮೆಲೇ ಏರಿದ ಕಾವಿಗೆ ಎಲೆಗಳು ಹೊಳೆಯುವ ಹಳದಿ ಬಣ್ಣಕ್ಕೆ ತಿರುಗಿದವು ಎಂಬುದು ಅಲ್ಲಿನ ಪ್ರತೀತಿ. ಬೇರೆ ಬೆಳೆಗೆ ಒಗ್ಗದ ಬಡ ಮರಳುಮಣ್ಣೇ ಈ ಹಳದಿ ಎಲೆಗೆ ಹೇಳಿ ಮಾಡಿಸಿದಂತಿತ್ತು. ಮುಂದೆ ಹೊಗೆ ತಾಗದಂತೆ ಕೊಳವೆಗಳಲ್ಲಿ ಬಿಸಿ ಹಾಯಿಸಿ ಎಲೆ ಹದಗೊಳಿಸುವ ವಿಧಾನ ರೂಢಿಗೆ ಬಂತು. ನಮ್ಮ ಮೈಸೂರು ಸೀಮೆಯ ಬ್ಯಾರನ್‌ಗಳಲ್ಲಿ ಬೇಯಿಸುವ ವರ್ಜೀನಿಯಾ ತಂಬಾಕಿಗೂ ಇದೇ ಪದ್ಧತಿ. ಡರಮ್ ಊರಿನ ಡ್ಯೂಕ್ ಮನೆತನದವರು 1880ರ ದಶಕದಲ್ಲಿ ಸಿಗರೇಟು ಸುತ್ತುವ ಯಂತ್ರ ತಂದು ಇಡೀ ದೇಶದ ವ್ಯಾಪಾರವನ್ನೇ ಹಿಡಿದರು. 1890ರಲ್ಲಿ ಅವರು ಕಟ್ಟಿದ ಅಮೆರಿಕನ್ ಟೊಬ್ಯಾಕೊ ಕಂಪನಿಯನ್ನು ಏಕಸ್ವಾಮ್ಯದ ಕಾರಣಕ್ಕೆ 1911ರಲ್ಲಿ ಸುಪ್ರೀಂ ಕೋರ್ಟ್ ಒಡೆಯಿತು. ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಆ ಹೆಸರು ಬಂದದ್ದು ಈ ಹಣದಿಂದಲೇ. ಹೊಗೆಸೊಪ್ಪಿನ ಲಾಭದಿಂದ ಬೆಳೆದ ಸಂಸ್ಥೆಯೊಂದು ಕ್ಯಾನ್ಸರ್ ಚಿಕಿತ್ಸೆಗೆ ಹೆಸರಾಗಿರುವುದು ನನಗೆ ಇಂದಿಗೂ ವಿಚಿತ್ರವೆನಿಸುತ್ತದೆ.

ಒಳನಾಡಿನ ಏರುಪೇರಿನ ನೆಲಕ್ಕೆ ಪೀಡ್‌ಮಾಂಟ್ ಎನ್ನುತ್ತಾರೆ. ಅಲ್ಲಿನ ನದಿಗಳ ರಭಸ ಹತ್ತಿಗಿರಣಿಗಳನ್ನು ತಿರುಗಿಸಿತು. 1920ರ ದಶಕದ ಹೊತ್ತಿಗೆ ಈ ರಾಜ್ಯ ಜವಳಿಯಲ್ಲಿ ಮ್ಯಾಸಚೂಸೆಟ್ಸನ್ನೂ ಹಿಂದಿಕ್ಕಿತು. ಪೀಠೋಪಕರಣಕ್ಕೆ ಹೈ ಪಾಯಿಂಟ್ ಊರು ಇಂದಿಗೂ ಹೆಸರುವಾಸಿ. ಷಾರ್ಲಟ್ ಸುತ್ತ ಚಿನ್ನವೂ ಸಿಕ್ಕಿತ್ತು: 1799ರಲ್ಲಿ ರೀಡ್ ಎಂಬ ರೈತನ ಮಗ ಹಳ್ಳದಿಂದ ಹೆಕ್ಕಿ ತಂದ ಸುಮಾರು 17 ಪೌಂಡಿನ ಗಟ್ಟಿಯನ್ನು, ಏನೆಂದು ತಿಳಿಯದೆ, ಮನೆಯವರು ಬಾಗಿಲಿಗೆ ಆನಿಸಿ ಇಟ್ಟುಕೊಂಡಿದ್ದರು, 1802ರಲ್ಲಿ ಅದನ್ನು ಮೂರೂವರೆ ಡಾಲರಿಗೆ ಮಾರಿದರು. ಇಂದಿನ ಷಾರ್ಲಟ್ ಬ್ಯಾಂಕುಗಳ ನಗರ. ಬ್ಯಾಂಕೊಂದು ರಾಜ್ಯದ ಎಲ್ಲೆಡೆ ಶಾಖೆ ತೆರೆಯಲು ಇಲ್ಲಿನ ಕಾನೂನು ಮೊದಲಿನಿಂದ ಬಿಟ್ಟಿದ್ದರಿಂದ, ಆ ಅವಕಾಶವಿಲ್ಲದ ರಾಜ್ಯಗಳ ಬ್ಯಾಂಕುಗಳಿಗಿಂತ ಇಲ್ಲಿಯವು ಬಲಿತವು. 1998ರಲ್ಲಿ ಷಾರ್ಲಟ್ಟಿನ ನೇಷನ್ಸ್‌ಬ್ಯಾಂಕ್ ಕ್ಯಾಲಿಫೋರ್ನಿಯಾದ ಬ್ಯಾಂಕ್ ಆಫ್ ಅಮೆರಿಕವನ್ನೇ ಕೊಂಡು, ಅದೇ ಹೆಸರನ್ನು ತಾನು ಇಟ್ಟುಕೊಂಡಿತು.

ಈ ಏಳಿಗೆಯಲ್ಲಿ ಎಲ್ಲರಿಗೂ ಪಾಲು ಸಿಗಲಿಲ್ಲ, ಅತ್ತಿಗೆ. 1898ರ ನವೆಂಬರಿನಲ್ಲಿ ವಿಲ್ಮಿಂಗ್ಟನ್ನಿನಲ್ಲಿ ಕಪ್ಪು ಜನರೂ ಬಿಳಿಯರೂ ಸೇರಿ ನಡೆಸುತ್ತಿದ್ದ ಚುನಾಯಿತ ನಗರಾಡಳಿತವನ್ನು ಬಿಳಿಯರ ಶಸ್ತ್ರಸಜ್ಜಿತ ಗುಂಪು ಉರುಳಿಸಿತು, ಅನೇಕ ಕಪ್ಪು ನಾಗರಿಕರನ್ನು ಕೊಂದಿತು. ಮುಂದಿನ ಕೆಲವೇ ವರ್ಷಗಳಲ್ಲಿ ಅವರ ಮತದಾನದ ಹಕ್ಕೂ ಹೋಯಿತು. 1960ರ ಫೆಬ್ರುವರಿ 1ರಂದು ಗ್ರೀನ್ಸ್‌ಬರೋದ ಅಂಗಡಿಯೊಂದರಲ್ಲಿ, ಬಿಳಿಯರಿಗೆ ಮಾತ್ರ ಮೀಸಲಿದ್ದ ಊಟದ ಕೌಂಟರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಕುಳಿತು ಏಳಲು ಒಪ್ಪದಿದ್ದುದು ಇದೇ ರಾಜ್ಯದಲ್ಲಿ.

ಈಗ ಕಂಪನಿಗಳ ಪ್ರಶ್ನೆ. 1950ರ ದಶಕದಲ್ಲಿ ತಲಾ ಆದಾಯದ ಪಟ್ಟಿಯಲ್ಲಿ ಈ ರಾಜ್ಯ ಕೊನೆಯ ಸಾಲಿನಲ್ಲಿತ್ತು, ಓದಿದ ಹುಡುಗರು ಊರು ಬಿಡುತ್ತಿದ್ದರು. ರಾಲಿ, ಡರಮ್, ಚಾಪೆಲ್ ಹಿಲ್ ಎಂಬ ಮೂರು ಊರುಗಳಲ್ಲಿ ಮೂರು ಒಳ್ಳೆಯ ವಿಶ್ವವಿದ್ಯಾಲಯಗಳಿದ್ದವು. ಅವುಗಳ ನಡುವಿನ ಪೈನ್ ಕಾಡು ಮತ್ತು ಬಡ ಜಮೀನನ್ನು ಸೇರಿಸಿ 1959ರಲ್ಲಿ, ಸಂಶೋಧನೆ ನಡೆಸುವ ಕಂಪನಿಗಳಿಗೆಂದು, ರಿಸರ್ಚ್ ಟ್ರಯಾಂಗಲ್ ಪಾರ್ಕ್ ಆರಂಭಿಸಿದರು. 1965ರಲ್ಲಿ ಐಬಿಎಂ ಬರಲು ಒಪ್ಪಿದ ಮೇಲೆ ಅದು ನೆಲೆಯೂರಿತು, ಇಂದು ಅದರ ವಿಸ್ತಾರ ಸುಮಾರು 7,000 ಎಕರೆ. ಕ್ಯಾರಿ ಇದರ ಮಗ್ಗುಲಲ್ಲೇ ಇದೆ. ಅಲ್ಲಿ ವೆಂಕಟೇಶ್ವರ ದೇವಸ್ಥಾನವೂ ಇದೆ, ಕನ್ನಡದ ಮನೆಗಳೂ ಇವೆ, ಆ ಚಿಂತೆ ಬೇಡ. ಗಿರಣಿಗಳಿಗೆ ಮಾತ್ರ ಇಂಥ ಅದೃಷ್ಟ ಇರಲಿಲ್ಲ. ಹೊರದೇಶದ ಅಗ್ಗದ ಬಟ್ಟೆಯ ಮುಂದೆ ನಿಲ್ಲಲಾರದೆ ಕ್ಯಾನಪೊಲಿಸ್ ಕಡೆಯ ಪಿಲ್ಲೊಟೆಕ್ಸ್ ಎಂಬ ಜವಳಿ ಕಂಪನಿ 2003ರ ಜುಲೈನಲ್ಲಿ ಬಾಗಿಲು ಹಾಕಿದಾಗ, ರಾಜ್ಯದ 4,000ಕ್ಕೂ ಹೆಚ್ಚು ಜನ ಒಂದೇ ದಿನ ಕೆಲಸ ಕಳೆದುಕೊಂಡರು. ಪೂರ್ವದ ಬಯಲಿನಲ್ಲಿ ಗೆಣಸು, ಹಂದಿ ಸಾಕಣೆ ಇಂದಿಗೂ ದೊಡ್ಡ ಕಸುಬುಗಳು.

ಚಂಡಮಾರುತದ ಭಯ ಸುಳ್ಳಲ್ಲ, ಆದರೆ ಅದರ ಬಗೆ ಬೇರೆ. ಮರಳುದ್ವೀಪಗಳೇ ಸರಿಯುತ್ತಿರುವುದರಿಂದ ಕೇಪ್ ಹ್ಯಾಟೆರಸ್‌ನ ದೀಪಸ್ತಂಭವನ್ನು 1999ರಲ್ಲಿ ಇಡಿಯಾಗಿ ಎತ್ತಿ, ಹಳಿಗಳ ಮೇಲೆ 2,900 ಅಡಿ ಒಳಕ್ಕೆ ಜರುಗಿಸಿದರು. ಅದೇ ದ್ವೀಪಸಾಲಿನ ರೋಡಾಂತೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಹತ್ತಕ್ಕೂ ಹೆಚ್ಚು ಮನೆಗಳು ಸಮುದ್ರಕ್ಕೆ ಕುಸಿದಿವೆ. 2018ರ ಫ್ಲಾರೆನ್ಸ್ ಎಂಬ ಚಂಡಮಾರುತ ಪೂರ್ವದ ಬಯಲನ್ನು ಮುಳುಗಿಸಿ, ಹಂದಿಗಳ ಗಂಜಲ ತುಂಬಿದ ಹೊಂಡಗಳನ್ನೂ ಉಕ್ಕಿಸಿತು. ಆದರೆ 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಬಂದಾಗ ಅತಿ ಹೆಚ್ಚು ನಲುಗಿದ್ದು ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಆ್ಯಶ್‌ವಿಲ್ ಸುತ್ತಲಿನ ಬೆಟ್ಟಸೀಮೆ; ಕಣಿವೆಯ ಹೊಳೆಗಳು ಉಕ್ಕಿ ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಚಿಪ್ ತಯಾರಿಕೆಯ ಸಿಲಿಕಾನ್ ಕರಗಿಸುವ ಮೂಸೆಗಳಿಗೆ ಬೇಕಾದ ಶುದ್ಧ ಸ್ಫಟಿಕ ಶಿಲೆ ಸಿಗುವ ಸ್ಪ್ರೂಸ್ ಪೈನ್ ಗಣಿಗಳೂ ಆಗ ಕೆಲದಿನ ನಿಂತುಹೋದವು.

ಕ್ಯಾರಿ ಸಮುದ್ರದಿಂದ ಸುಮಾರು 200 ಕಿಲೋಮೀಟರ್ ಒಳಗಿದೆ. ಅಲ್ಲಿ ಗಾಳಿಗೆ ಮರ ಬಿದ್ದು ಕರೆಂಟು ಹೋಗುವುದುಂಟು. 1996ರ ಫ್ರಾನ್ ರಾಲಿಯಲ್ಲಿ ಹಾಗೆಯೇ ಮಾಡಿತ್ತು. ಮಗ ಬಾಡಿಗೆ ಮನೆ ಹುಡುಕುವಾಗ ಕ್ರ್ಯಾಬ್‌ಟ್ರೀ ಹಳ್ಳದಂಥ ತಗ್ಗಿನ ಜಾಗಗಳನ್ನು ಬಿಡಲಿ, ವಿಳಾಸ ಹಾಕಿ ಸರ್ಕಾರದ ಪ್ರವಾಹ ನಕ್ಷೆಯನ್ನು ನೋಡಿಕೊಳ್ಳಲಿ, ಮಾಮೂಲಿ ಮನೆವಿಮೆಯಲ್ಲಿ ನೆರೆಹಾನಿ ಸೇರಿರುವುದಿಲ್ಲ ಎಂಬುದನ್ನು ತಿಳಿದಿರಲಿ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆ ಅವಧಿಯಲ್ಲಿ ಮನೆಯಲ್ಲಿ ಒಂದಿಷ್ಟು ಕುಡಿಯುವ ನೀರು, ಬ್ಯಾಟರಿ ಇಟ್ಟುಕೊಂಡರೆ ಸಾಕು.