ವಾಲ್ವ್ ಉರಿಯುತ್ತಿದೆ, ಸದ್ದು ಮಾತ್ರ ಇಲ್ಲ

ಗುಂಪಿನ ಹೆಸರು: ಅಪ್ಪನ ಆಂಪ್

ಗುರುವಾರ

ತಮ್ಮ (ರಾತ್ರಿ 8:40): ಅಪ್ಪನ ಗಿಟಾರ್ ಆಂಪ್‌ನಿಂದ ಸದ್ದೇ ಬರುತ್ತಿಲ್ಲ. ನಿನ್ನೆ ರಾತ್ರಿಯವರೆಗೆ ಚೆನ್ನಾಗಿತ್ತು. ದೀಪ ಹತ್ತುತ್ತದೆ, ಒಳಗಿನ ಐದೂ ಗಾಜಿನ ವಾಲ್ವ್‌ಗಳು ಉರಿಯುತ್ತಿವೆ. ಗಿಟಾರ್, ಕೇಬಲ್ ಎರಡನ್ನೂ ಬದಲಿಸಿ ನೋಡಿದೆ.

ಅಣ್ಣ (8:43): ನನ್ನ ಮನೆಯಲ್ಲಿ ಆರು ತಿಂಗಳಿತ್ತು, ಒಂದು ದಿನವೂ ಕೈಕೊಡಲಿಲ್ಲ. ನಿನ್ನ ಮನೆಗೆ ಬಂದು ಇನ್ನೂ ಒಂದು ತಿಂಗಳು.

ತಮ್ಮ (8:44): ಅಂದರೆ ನಾನೇ ಕೆಡಿಸಿದೆ ಎನ್ನುತ್ತೀಯಾ?

ಅಣ್ಣ (8:46): ಯಾರು ಕೆಡಿಸಿದರೆಂಬುದು ಆಮೇಲಿನ ಮಾತು. ವಾಲ್ವ್‌ಗಳು ಹಳೆಯವು. ಐದನ್ನೂ ಹೊಸದಾಗಿ ತರಿಸುತ್ತೇನೆ, ಖರ್ಚನ್ನು ಮೂವರೂ ಹಂಚಿಕೊಳ್ಳೋಣ.

ನಾನು (8:51): ಬೇಡ ಅಣ್ಣ. ಏನು ಕೆಟ್ಟಿದೆ ಎಂದು ಗೊತ್ತಾಗದೆ ಒಂದನ್ನೂ ತರಿಸಬೇಡ. ಸ್ಪೀಕರ್‌ಗೆ ಬಲ ಕೊಡುವ ಆ ಎರಡು 6ವಿ6 ಪವರ್ ವಾಲ್ವ್‌ಗಳನ್ನು ಅಪ್ಪ ಆರಿಸಿ ಹಾಕಿದ್ದರು. ತಮ್ಮಾ, ಸ್ಪೀಕರ್‌ಗೆ ಕಿವಿಗೊಟ್ಟು ಕೇಳು. ಗುಂಯ್ ಎನ್ನುವ ಸಣ್ಣ ಸದ್ದಾದರೂ ಇದೆಯೇ?

ತಮ್ಮ (8:55): ಇಲ್ಲ. ವಾಲ್ಯೂಮ್ ಪೂರ್ತಿ ಏರಿಸಿದರೂ ಉಸಿರಿಲ್ಲ.

ನಾನು (9:02): ಹಾಗಿದ್ದರೆ ಹುಡುಕುವ ಜಾಗ ಅರ್ಧ ಕಡಿಮೆಯಾಯಿತು. ಗುಂಯ್ ಸದ್ದಿದ್ದು ಗಿಟಾರ್ ಮಾತ್ರ ಕೇಳದಿದ್ದರೆ ಗಿಟಾರ್‌ನ ಸಣ್ಣ ಸಂಕೇತವನ್ನು ಮೊದಲು ಹಿಗ್ಗಿಸುವ 12ಎಎಕ್ಸ್7 ವಾಲ್ವ್‌ಗಳನ್ನು ಅನುಮಾನಿಸುತ್ತಿದ್ದೆ. ಅದೂ ಇಲ್ಲವೆಂದರೆ ತೊಂದರೆ ಕೊನೆಯ ಕಡೆಗಿದೆ: ಪವರ್ ವಾಲ್ವ್‌ಗಳು, ಅವಕ್ಕೆ ಹೋಗುವ ಹೈ ವೋಲ್ಟೇಜ್, ಅವನ್ನು ಸ್ಪೀಕರ್‌ಗೆ ಜೋಡಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಇಲ್ಲವೇ ಸ್ಪೀಕರ್. ಉರಿಯುವುದನ್ನು ನೋಡಿ ಮೋಸಹೋಗಬೇಡಿ. 6ವಿ6ನೊಳಗಿನ ಹೀಟರ್ ತಂತಿ ಕೆಂಪಾಗಲು 6.3 ವೋಲ್ಟ್ ಸಾಕು, ಎಲೆಕ್ಟ್ರಾನ್‌ಗಳನ್ನು ಎಳೆಯುವ ಪ್ಲೇಟ್‌ಗೆ ನೂರಾರು ವೋಲ್ಟ್ ಬೇಕು. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದೂ ಇದೆ ಎಂದಲ್ಲ.

ತಮ್ಮ (9:04): ಸ್ಪೀಕರ್ ತಂತಿ ಬಿಚ್ಚಿ ಆಂಪ್ ಆನ್ ಮಾಡಿ ನೋಡಲೇ?

ಚಿಕ್ಕಪ್ಪ (9:04): ಬೇಡ! ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಚಿಮ್ಮಿ ಸುರುಳಿ ಸುಟ್ಟುಹೋಗಬಹುದು. ವಾಲ್ವ್ ಹೋದರೆ ಇನ್ನೊಂದು ಸಿಗುತ್ತದೆ, ಅಂಥ ಟ್ರಾನ್ಸ್‌ಫಾರ್ಮರ್ ಸಿಗುವುದು ಕಷ್ಟ. ಗೋಡೆಯ ಪ್ಲಗ್ ಕಿತ್ತು, ಸ್ಪೀಕರ್ ತಂತಿಗಳನ್ನು ಬಿಚ್ಚಿ 9 ವೋಲ್ಟ್ ಬ್ಯಾಟರಿಯನ್ನು ಒಂದು ಕ್ಷಣ ತಾಗಿಸು.

ತಮ್ಮ (9:31): ಟಪ್ ಎಂದು ಕೋನ್ ಕುಣಿಯಿತು. ಮೀಟರ್‌ನಲ್ಲಿ 6.6 ಓಮ್.

ಚಿಕ್ಕಪ್ಪ (9:32): 8 ಓಮ್ ಸ್ಪೀಕರ್ ಮೀಟರ್‌ನಲ್ಲಿ ಹೀಗೆ ತುಸು ಕಡಿಮೆಯೇ ತೋರಿಸಬೇಕು. ಸ್ಪೀಕರ್ ಚೆನ್ನಾಗಿದೆ.

ಅಣ್ಣ (9:33): ಹಾಗಾದರೆ ವಾಲ್ವೇ. ಜೊತೆಗೆ ಹೈ ವೋಲ್ಟೇಜನ್ನು ಸಮ ಮಾಡುವ ಫಿಲ್ಟರ್ ಕೆಪ್ಯಾಸಿಟರ್‌ಗಳೂ ಮುದಿಯಾಗಿವೆ. ಒಂದೇ ಸಲ ಎಲ್ಲವನ್ನೂ ಬದಲಿಸಿದರೆ ನಿಶ್ಚಿಂತೆ.

ನಾನು (9:38): ಒಳಗೆ ಬೇರೆ ದೋಷವಿದ್ದರೆ? ಯಾವುದಾದರೂ ಕೆಪ್ಯಾಸಿಟರ್ ಸೋರಿ, ವಾಲ್ವ್‌ನ ಹರಿವನ್ನು ಹಿಡಿತದಲ್ಲಿಡುವ ಗ್ರಿಡ್‌ಗೆ ಡಿಸಿ ನುಗ್ಗುತ್ತಿದ್ದರೆ ಹೊಸ 6ವಿ6ನ ಪ್ಲೇಟ್ ಕೂಡ ಕೆಂಪಾಗಿ ಸಾಯುತ್ತದೆ. ಎಲ್ಲವನ್ನೂ ಬದಲಿಸಿ ಸದ್ದು ಬಂದರೂ ಯಾವುದರಿಂದ ಬಂತೆಂದು ನಮಗೆ ತಿಳಿಯುವುದಿಲ್ಲ. ನಿನಗೆ ಆಂಪ್ ಸರಿಹೋದರೆ ಸಾಕು. ನನಗೆ ಅದು ಅಪ್ಪ ಬಿಟ್ಟುಹೋದ ಹಾಗೆಯೇ ಇರಬೇಕು.

ಅಣ್ಣ (9:40): ಅಪ್ಪನ ಮೇಲಿನ ಪ್ರೀತಿ ನಿನ್ನೊಬ್ಬಳದೇ ಅಲ್ಲ.

ತಮ್ಮ (9:47): ಸರ್ಕ್ಯೂಟ್ ಕೂಡಿಸಿರುವ ಷಾಸಿಯನ್ನು ಹೊರಗೆಳೆದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಚಿಕ್ಕಪ್ಪ (9:47): ಕೈ ತೆಗೆ. ಪ್ಲಗ್ ಕಿತ್ತಿದ್ದರೂ ಆ ಕೆಪ್ಯಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು. ಆ ಕೆಲಸವನ್ನು ಫೋನಿನಲ್ಲಿ ಹೇಳಿಕೊಡಲಾರೆ. ಭಾನುವಾರ ನಾನೇ ಬರುತ್ತೇನೆ. ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ.

ಭಾನುವಾರ

ನಾನು (ಮಧ್ಯಾಹ್ನ 12:20): ಸಿಕ್ಕಿತು! ಅಣ್ಣ, ಪೂರ್ತಿ ಓದು. ಚಿಕ್ಕಪ್ಪ ಒಂದು ಕೈಯನ್ನು ಬೆನ್ನ ಹಿಂದಿಟ್ಟುಕೊಂಡು, 100 ಕಿಲೋ ಓಮ್ ರೆಸಿಸ್ಟರ್ ಮೂಲಕ ಕೆಪ್ಯಾಸಿಟರ್‌ಗಳನ್ನು ಖಾಲಿ ಮಾಡಿದರು. ಮೀಟರ್ ಸೊನ್ನೆಗಿಳಿದ ಮೇಲೆಯೇ ಟಾರ್ಚ್ ಹಿಡಿಯಲು ನನ್ನನ್ನು ಕರೆದರು. ಹಿಂಬದಿಯ ಸ್ಪೀಕರ್ ಜಾಕ್‌ಗೆ ಪ್ಲಗ್ ತೂರಿಸಿದಾಗ ಅದರ ಸ್ಪ್ರಿಂಗ್ ಎದ್ದು ಪಕ್ಕದ ತೆಳು ತಗಡಿನಿಂದ ದೂರವಾಗಬೇಕು. ಇಲ್ಲಿ ಆ ತಗಡು ಬಾಗಿ ಸ್ಪ್ರಿಂಗ್‌ನ ಬೆನ್ನಿಗೆ ಅಂಟಿಕೊಂಡೇ ಏಳುತ್ತಿತ್ತು. ಸ್ಪೀಕರ್ ಪ್ಲಗ್ ಹಾಕಲು ಮರೆತರೆ ಟ್ರಾನ್ಸ್‌ಫಾರ್ಮರ್ ಉಳಿಯಲೆಂದು ಔಟ್‌ಪುಟ್ಟನ್ನು ಷಾರ್ಟ್ ಮಾಡುವ ತಗಡು ಅದು. ಪ್ಲಗ್ ಇದ್ದಾಗಲೂ ಷಾರ್ಟ್ ಮಾಡುತ್ತಿತ್ತು. ವಾಲ್ವ್‌ಗಳು ದುಡಿಯುತ್ತಲೇ ಇದ್ದವು, ಸದ್ದು ಸ್ಪೀಕರ್‌ವರೆಗೆ ಹೋಗುತ್ತಿರಲಿಲ್ಲ.

ನಾನು (12:24): ತಗಡನ್ನು ನೆಟ್ಟಗೆ ಮಾಡಿ, ಕಿಲುಬು ಒರೆಸಿ, ಕರೆಂಟ್ ಬರುವ ದಾರಿಯಲ್ಲಿ ಸೀರೀಸ್ ಬಲ್ಬ್ ಇಟ್ಟು ಆನ್ ಮಾಡಿದೆವು. ಬಲ್ಬ್ ಮಿಂಚಿ ಮಂಕಾಯಿತು, ಅಂದರೆ ಒಳಗೆ ಷಾರ್ಟ್ ಇಲ್ಲ. ಆಮೇಲೆ ಬಲ್ಬ್ ತೆಗೆದು ನೇರವಾಗಿ ಕರೆಂಟ್ ಕೊಟ್ಟೆವು. ಗುಂಯ್ ಸದ್ದು ಕೇಳಿದಾಗ ನನ್ನ ಕಣ್ಣು ತುಂಬಿಬಂತು.

ತಮ್ಮ (12:31): ತಪ್ಪು ನನ್ನದೇ. ಜಾಗ ಸಾಲದೆ ಬುಧವಾರ ರಾತ್ರಿ ಆಂಪ್ ಅನ್ನು ಗೋಡೆಗೆ ಒತ್ತಿ ಇಟ್ಟಿದ್ದೆ. ಪ್ಲಗ್ ಗೋಡೆಗೆ ತಗಲಿ ಓರೆಯಾಗಿತ್ತು.

ಅಣ್ಣ (12:40): ವಾಲ್ವ್‌ಗಳಿಗೆ ಶುಕ್ರವಾರವೇ ಹಣ ಕಟ್ಟಿಬಿಟ್ಟೆ.

ನಾನು (12:41): ಬೇಡ ಎಂದ ಮೇಲೆ ತರಿಸಿದ್ದೀಯ. ಅದರಲ್ಲಿ ನನ್ನ ಪಾಲಿಲ್ಲ.

ಚಿಕ್ಕಪ್ಪ (12:50): ಆ ವಾಲ್ವ್‌ಗಳನ್ನು ಜೋಪಾನವಾಗಿಡು, ಮುಂದೆ ಬೇಕಾಗುತ್ತವೆ. ಫಿಲ್ಟರ್ ಕೆಪ್ಯಾಸಿಟರ್ ವಿಷಯದಲ್ಲಿ ನಿನ್ನ ಮಾತು ಸರಿ. ಒಂದರ ತುದಿ ಉಬ್ಬಿದೆ. ಅವನ್ನು ಬದಲಿಸಲೇಬೇಕು, ಆ ಖರ್ಚು ಮೂವರದು. ಅಲ್ಲಿಯವರೆಗೆ ಆಂಪ್ ಆನ್ ಮಾಡಬೇಡಿ.

ನಾನು (12:52): ಒಪ್ಪಿದೆ. ಹಳೆಯವನ್ನು ಎಸೆಯದೆ ನನಗೆ ಕೊಡಿ.

ಅಣ್ಣ (12:53): ಒಪ್ಪಿದೆ. ರಿಪೇರಿಯಾದ ಮೇಲೆ ಆಂಪ್ ನನ್ನ ಮನೆಗೆ.

ತಮ್ಮ (12:53): ನನ್ನ ಸರದಿ ಇನ್ನೂ ಐದು ತಿಂಗಳಿದೆ, ಅಣ್ಣ.